ಮುಳ್ಳು ಎಣಿಸಿದರೆ ಸಾಲದು: ಮಗುವಿನ ಫಿಟ್ಸ್ ಮುಂದೇನಾಗುತ್ತೆ ಅಂತ ಇಇಜಿ ಎಷ್ಟು ಹೇಳಬಲ್ಲದು?

ಅಕ್ಕ ಫೋನ್ ಮಾಡಿದಾಗ ರಾತ್ರಿ ಹತ್ತು ದಾಟಿತ್ತು. ಮಗಳ ಇಇಜಿ ರಿಪೋರ್ಟ್, ಅಂದರೆ ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆ ದಾಖಲಿಸಿದ ಪರೀಕ್ಷೆಯ ವರದಿ, ಆಗಷ್ಟೇ ಕೈಗೆ ಬಂದಿತ್ತು. "ಏನೇನೋ ಬರೆದಿದ್ದಾರೆ ಕಣೇ. ಎರಡೂ ಕಡೆ ಸ್ಪೈಕ್ ಇದೆಯಂತೆ. ನಿದ್ದೆ ಬಂದ ಮೇಲೆ ಇನ್ನೂ ಜಾಸ್ತಿ ಆಗುತ್ತಂತೆ. ತಲೆ ತುಂಬಾ ಇದೇ ಇದ್ದರೆ ಇವಳ ಗತಿ ಏನು?" ಅಂದಳು. ಅಳು ತಡೆದುಕೊಂಡು ಮಾತಾಡುತ್ತಿದ್ದಳು.

ಮಗಳಿಗೆ ಆಗ ಎಂಟು ವರ್ಷ. ಆರು ತಿಂಗಳಲ್ಲಿ ಮೂರು ಸಲ ಹೀಗಾಗಿತ್ತು. ಮೂರೂ ಸಲ ಬೆಳಗಿನ ಜಾವ. ಎದ್ದು ಕೂರುತ್ತಿದ್ದಳು, ಬಾಯಿ ಒಂದು ಪಕ್ಕಕ್ಕೆ ಎಳೆಯುತ್ತಿತ್ತು, ಜೊಲ್ಲು ಸುರಿಯುತ್ತಿತ್ತು. ಎಚ್ಚರ ಇರುತ್ತಿತ್ತು, ಮಾತು ಮಾತ್ರ ಹೊರಡುತ್ತಿರಲಿಲ್ಲ. ಒಂದು ಸಲ ಮಾತ್ರ ಮೈಯೆಲ್ಲ ಸೆಟೆದು ಅದುರಿತ್ತು.

ಮರುದಿನ ನಾನೂ ಜೊತೆಗೆ ಹೋದೆ. ಡಾಕ್ಟರು ಅದೇ ಕಾಗದವನ್ನು ನಿಧಾನವಾಗಿ ಓದಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಹೆದರಬೇಡಮ್ಮ. ಮಕ್ಕಳ ಫಿಟ್ಸ್‌ನಲ್ಲಿ ನಮಗೆ ಸಮಾಧಾನ ಕೊಡೋ ಇಇಜಿ ಇದು. ಹದಿನಾರು ತುಂಬೋದರೊಳಗೆ ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಇದು ತಾನಾಗೇ ನಿಲ್ಲುತ್ತೆ" ಅಂದರು.

ಕಾಗದ ಒಂದೇ. ಅದನ್ನು ನೋಡಿ ತಾಯಿಗೆ ನಿದ್ದೆ ಹಾರಿಹೋಗಿತ್ತು, ಡಾಕ್ಟರಿಗೆ ಸಮಾಧಾನ ಆಗಿತ್ತು. ಇದು ಹೇಗೆ ಅನ್ನೋದು ನನ್ನನ್ನು ಬಹಳ ದಿನ ಕಾಡಿತು. ಆಗಿನಿಂದ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ರಿಪೋರ್ಟ್ ಕೈಯಲ್ಲಿ ಹಿಡಿದು ಕೂತಿರುವ ಅಪ್ಪ-ಅಮ್ಮಂದಿರಿಗೆ ಇದು ಸ್ವಲ್ಪವಾದರೂ ಉಪಯೋಗಕ್ಕೆ ಬರಲಿ.

ತಂತಿ ಕೇಳಿಸಿಕೊಳ್ಳುವುದು ಏನನ್ನು?

ನಮ್ಮ ಮಿದುಳಿನ ಜೀವಕೋಶಗಳು ಒಂದಕ್ಕೊಂದು ಮಾತಾಡುವುದು ಸಣ್ಣ ವಿದ್ಯುತ್ತಿನಲ್ಲಿ. ಒಂದು ಕೋಶದ ಸದ್ದು ಹೊರಗೆ ಕೇಳುವುದೇ ಇಲ್ಲ. ಲಕ್ಷಗಟ್ಟಲೆ ಕೋಶಗಳು ಒಟ್ಟಿಗೆ ಮಿಡಿದರೆ ಮಾತ್ರ ಆ ಅಲೆ ತಲೆಬುರುಡೆ ದಾಟಿ ಚರ್ಮದ ತನಕ ಬರುತ್ತದೆ. ಬರುವ ಹೊತ್ತಿಗೆ ಅದು ಎಷ್ಟು ಕ್ಷೀಣ ಆಗಿರುತ್ತದೆ ಗೊತ್ತಾ? ಸುಮಾರು 50 ಮೈಕ್ರೋವೋಲ್ಟ್. ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ 1.5 ವೋಲ್ಟ್ ಇರುತ್ತದಲ್ಲ, ಅದರ 30 ಸಾವಿರದಲ್ಲಿ ಒಂದು ಪಾಲು.

ಮನುಷ್ಯನ ತಲೆಯಿಂದ ಈ ಅಲೆಯನ್ನು ಮೊದಲು ದಾಖಲಿಸಿದವರು ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್. ಅದು 1924. ಐದು ವರ್ಷ ಯಾರಿಗೂ ಹೇಳದೆ ಮತ್ತೆ ಮತ್ತೆ ಪರೀಕ್ಷಿಸಿ, 1929ರಲ್ಲಿ ಪ್ರಕಟಿಸಿದರು. ಅವರ ಪ್ರಯೋಗಗಳಲ್ಲಿ ಅವರ ಮಗನ ತಲೆಯೂ ಸೇರಿತ್ತು. ಇಂದಿಗೂ ಮೂಲ ವಿಧಾನ ಅದೇ. ಮಷೀನು ಬದಲಾಗಿದೆ ಅಷ್ಟೇ.

ಪರೀಕ್ಷೆ ನೋಡಲು ಭಯ ಹುಟ್ಟಿಸುವಂಥದ್ದಲ್ಲ. ಎರಡನೇ ಸಲ ಇಇಜಿಗೆ ಅಕ್ಕನ ಮಗಳು ಪುಟ್ಟಿಯನ್ನು ನಾನೇ ಕರೆದುಕೊಂಡು ಹೋಗಿದ್ದೆ. ಹಿಂದಿನ ದಿನ ಶಾಂಪೂ ಹಾಕಿ ತಲೆ ತೊಳೆಸಿದ್ದೆವು, ಎಣ್ಣೆ ಮುಟ್ಟಿಸಿರಲಿಲ್ಲ. ರಾತ್ರಿ ಒಂದು ಗಂಟೆ ತನಕ ಎಚ್ಚರ ಇರಿಸಿ ಅಂದಿದ್ದರು, ಅದೇ ಕಷ್ಟದ ಕೆಲಸ. ಟೆಕ್ನಿಶಿಯನ್ ಹುಡುಗಿ ಟೇಪು ಹಿಡಿದು ಮೂಗಿನ ಬುಡದಿಂದ ತಲೆ ಹಿಂದಿನ ಉಬ್ಬಿನ ತನಕ ಅಳೆದಳು. ಆ ಅಳತೆಯ ಶೇ 10, ಶೇ 20ರ ಲೆಕ್ಕದಲ್ಲಿ ಬಣ್ಣದ ಪೆನ್ಸಿಲ್‌ನಿಂದ ಗುರುತು ಹಾಕಿದಳು. ಪುಟ್ಟ ತಲೆಯೋ ದೊಡ್ಡ ತಲೆಯೋ, ಎಲ್ಲರಲ್ಲೂ ಅದೇ ಜಾಗಕ್ಕೆ ತಂತಿ ಬರಬೇಕು ಅಂತ 1958ರಿಂದ ಲೋಕವೆಲ್ಲ ಇದೇ ಲೆಕ್ಕ ಬಳಸುತ್ತಿದೆ. ಪ್ರತಿ ಗುರುತಿನ ಮೇಲೂ ಕೂದಲು ಬಿಡಿಸಿ, ಚರ್ಮ ಒರೆಸಿ, ಬಿಳಿ ಪೇಸ್ಟ್ ಮೆತ್ತಿ, ಒಂದೊಂದೇ ಬಟ್ಟಲಿನಾಕಾರದ ತಂತಿ ಅಂಟಿಸಿದಳು. ಒಟ್ಟು 21. ಆಮೇಲೆ ಪುಟ್ಟಿ ಕೈಗೆ ಒಂದು ಕಾಗದದ ಗಿರಗಿಟ್ಲೆ ಕೊಟ್ಟು, "ಇದು ನಿಲ್ಲಬಾರದು ಪುಟ್ಟಾ, ಮೂರು ನಿಮಿಷ ಊದುತ್ತಾನೇ ಇರು" ಅಂದಳು. ನನಗೆ ಅದು ಮಗುವನ್ನು ಸಮಾಧಾನ ಮಾಡುವ ಆಟ ಅನ್ನಿಸಿತ್ತು. ಅಲ್ಲ, ಅದು ಪರೀಕ್ಷೆಯ ಭಾಗವೇ. ಜೋರಾಗಿ ಉಸಿರಾಡಿದಾಗ ಕೆಲವು ಬಗೆಯ ಫಿಟ್ಸ್ ಅಲ್ಲೇ ತೋರಿಬಿಡುತ್ತದೆ. ಪಾಠ ಕೇಳುತ್ತಾ ಕೇಳುತ್ತಾ ಹತ್ತು ಸೆಕೆಂಡು ಶೂನ್ಯ ನೋಡುತ್ತಾ ಕೂರುವ ಮಕ್ಕಳಿರುತ್ತಾರಲ್ಲ, ಅವರಲ್ಲಿ ಕೆಲವರಿಗೆ ಇರುವುದು ಆಬ್ಸೆನ್ಸ್ ಫಿಟ್ಸ್. ಗಿರಗಿಟ್ಲೆ ಊದುತ್ತಾ ಊದುತ್ತಾ ಅಂಥ ಮಗು ತಟ್ಟನೆ ನಿಲ್ಲಿಸುತ್ತದೆ, ಪರದೆಯ ಮೇಲೆ ಸೆಕೆಂಡಿಗೆ ಮೂರರಂತೆ ಚೂಪು-ಗುಂಡು ಅಲೆ ಸಾಲಾಗಿ ಮೂಡುತ್ತದೆ.

ಇಷ್ಟಾದ ಮೇಲೆ ಪುಟ್ಟಿ ನಿದ್ದೆ ಹೋದಳು. ಪರದೆಯ ಮೇಲೆ ಸಮುದ್ರದ ಹಾಗೆ ನಿಧಾನದ ಅಲೆ. ಅದರ ನಡುವೆ ಚಕ್ ಅಂತ ಒಂದು ಚೂಪು ಗೆರೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಎರಡೆರಡು, ಮೂರು ಮೂರು. ಇದನ್ನೇ ಸ್ಪೈಕ್ ಅನ್ನುವುದು. ನಾನು ಮುಳ್ಳು ಅಂತ ಕರೆಯುತ್ತೇನೆ, ನೋಡಲು ಹಾಗೇ ಇರುತ್ತದೆ. ಒಂದಷ್ಟು ಕೋಶಗಳು ಅಕ್ಕಪಕ್ಕದವರ ಲಯ ಬಿಟ್ಟು ಒಮ್ಮೆಲೇ ಸಿಡಿದಾಗ ಮೂಡುವ ಗುರುತು ಅದು. ಮುಳ್ಳು ಅಂದರೆ ಫಿಟ್ಸ್ ಅಲ್ಲ. ಫಿಟ್ಸ್ ಬರಬಹುದಾದ ನೆಲ ಇದು ಅಂತ ಹೇಳುವ ಗುರುತು.

ಮುಳ್ಳು ತುಂಬಾ ಇದ್ದರೂ ಒಳ್ಳೆಯದಾಗುವ ಕಾಯಿಲೆ

ಪುಟ್ಟಿಗೆ ಇರುವುದಕ್ಕೆ ರೋಲ್ಯಾಂಡಿಕ್ ಎಪಿಲೆಪ್ಸಿ ಅಂತ ಹೆಸರು. ಮಿದುಳಿನ ಪಕ್ಕದಲ್ಲಿ, ಬಾಯಿ, ನಾಲಿಗೆ, ಮುಖ ಆಡಿಸುವ ಜಾಗದ ಹತ್ತಿರ ಈ ಮುಳ್ಳುಗಳು ಏಳುತ್ತವೆ. ಅದಕ್ಕೇ ಬಾಯಿ ಸೊಟ್ಟ ಆಗುವುದು, ಜೊಲ್ಲು ಬರುವುದು, ಮಾತು ನಿಲ್ಲುವುದು. ಸಾಮಾನ್ಯವಾಗಿ 3ರಿಂದ 14 ವರ್ಷದ ಒಳಗೆ, ಅದರಲ್ಲೂ 7ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಮೊದಲು ಇದರ ಹೆಸರಿನಲ್ಲೇ 'ಬಿನೈನ್', ಅಂದರೆ ತೊಂದರೆ ಕೊಡದ್ದು, ಅನ್ನುವ ಮಾತಿತ್ತು. ಈಗ ಆ ಮಾತನ್ನು ಬಿಟ್ಟು 'ತಾನಾಗೇ ನಿಲ್ಲುವ' ಅಂತ ಸೇರಿಸಿದ್ದಾರೆ. ಆ ಬದಲಾವಣೆಗೆ ಒಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ಇಲ್ಲಿ ಇಇಜಿ ಭವಿಷ್ಯ ಹೇಳುವುದು ಮುಳ್ಳಿನ ಸಂಖ್ಯೆಯಿಂದ ಅಲ್ಲ. ಮುಳ್ಳು ಯಾವ ಜಾಗದಲ್ಲಿದೆ, ಯಾವ ಆಕಾರದಲ್ಲಿದೆ, ನಿದ್ದೆಯಲ್ಲಿ ಹೆಚ್ಚುತ್ತದಾ, ಮುಳ್ಳಿನ ಹಿನ್ನೆಲೆಯಲ್ಲಿರುವ ಅಲೆ ಆರೋಗ್ಯವಾಗಿದೆಯಾ, ಇವನ್ನೆಲ್ಲ ನೋಡಿ ಇದು ಯಾವ ಕಾಯಿಲೆ ಅಂತ ಗುರುತಿಸುತ್ತಾರೆ. ಕಾಯಿಲೆ ಯಾವುದು ಅಂತ ಗೊತ್ತಾದರೆ ಅದರ ದಾರಿ ಗೊತ್ತು. ಅಕ್ಕ ಮುಳ್ಳು ಎಣಿಸಿ ಹೆದರಿದ್ದಳು. ಡಾಕ್ಟರು ಅದರ ಚಹರೆ ಗುರುತು ಹಿಡಿದಿದ್ದರು.

ಆದರೆ ಇಲ್ಲೊಂದು ಸಿಕ್ಕು ಇದೆ. ಎಷ್ಟೋ ಮಕ್ಕಳಲ್ಲಿ ಫಿಟ್ಸ್ ನಿಂತು ವರ್ಷವಾದರೂ ಮುಳ್ಳು ಹೋಗಿರುವುದಿಲ್ಲ. ಇನ್ನು ಒಂದು ದಿನವೂ ಫಿಟ್ಸ್ ಬಾರದ, ಆಟ ಆಡಿಕೊಂಡು ಆರಾಮಾಗಿರುವ ಮಕ್ಕಳ ತಲೆಗೆ ತಂತಿ ಹಾಕಿದರೂ ನೂರರಲ್ಲಿ ಎರಡು-ಮೂರು ಮಕ್ಕಳಲ್ಲಿ ಮುಳ್ಳು ಕಾಣುತ್ತದೆ. ಹಾಗಾದರೆ ಈ ಮಗುವಿಗೆ ಫಿಟ್ಸ್ ಮತ್ತೆ ಬರುತ್ತಾ, ಕಾಯಿಲೆ ಇನ್ನೂ ಚುರುಕಾಗಿದೆಯಾ, ಇಲ್ಲಾ ಆರುತ್ತಾ ಬಂದಿದೆಯಾ ಅಂತ ಮುಳ್ಳು ನೋಡಿ ಹೇಗೆ ಹೇಳುವುದು?

ಮುಳ್ಳಿನ ಮೇಲಿನ ನಡುಕ

ಅಮೆರಿಕದ ಬಾಸ್ಟನ್‌ನಲ್ಲಿ ಮಕ್ಕಳ ನರರೋಗ ತಜ್ಞೆ ಕ್ಯಾಥರಿನ್ ಚು ಮತ್ತು ಗಣಿತಜ್ಞ ಮಾರ್ಕ್ ಕ್ರೇಮರ್ ಅವರ ತಂಡ ಈ ಪ್ರಶ್ನೆಯನ್ನೇ ಹಿಡಿದು ಕೂತಿತು. ರೋಲ್ಯಾಂಡಿಕ್ ಮಕ್ಕಳು ಇದಕ್ಕೆ ಹೇಳಿಮಾಡಿಸಿದ ಗುಂಪು. ಫಿಟ್ಸ್ ಬರುವ ಕಾಲ, ನಿಲ್ಲುವ ಕಾಲ ಎರಡೂ ಅದೇ ಕಾಯಿಲೆಯಲ್ಲಿ ನೋಡಲು ಸಿಗುತ್ತದೆ ಅಲ್ವಾ?

ಅವರು ಹುಡುಕಿದ್ದು ರಿಪಲ್ ಅನ್ನುವ ಬಹಳ ವೇಗದ ಅಲೆಯನ್ನು. ಸಾಧಾರಣ ಇಇಜಿಯಲ್ಲಿ ನಾವು ನೋಡುವ ಅಲೆ ಸೆಕೆಂಡಿಗೆ ನಾಲ್ಕು, ಎಂಟು, ಹನ್ನೆರಡು ಸಲ ಏರಿಳಿಯುತ್ತದೆ. ರಿಪಲ್ ಸೆಕೆಂಡಿಗೆ 80 ಸಲಕ್ಕಿಂತ ಜಾಸ್ತಿ ನಡುಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುತ್ತದೆ. ಆಸ್ಪತ್ರೆಯ ಪರದೆಯಲ್ಲಿ ಸಾಮಾನ್ಯವಾಗಿ 70ಕ್ಕಿಂತ ವೇಗದ್ದನ್ನು ಸೋಸಿ ತೆಗೆದಿರುತ್ತಾರೆ, ಯಾಕೆಂದರೆ ಹಣೆ, ದವಡೆಯ ಸ್ನಾಯುಗಳ ಗಲಾಟೆಯೂ ಅದೇ ವೇಗದಲ್ಲಿರುತ್ತದೆ. ಹಾಗಾಗಿ ರಿಪಲ್ ಇದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಇದನ್ನು ಹಿಡಿಯಲು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಅಳೆಯುವ ಮಷೀನು ಬೇಕು, ನಿದ್ದೆಯಲ್ಲಿರುವ ಮಗು ಬೇಕು, ಮತ್ತೆ ಸಾವಿರಾರು ಗೆರೆಗಳ ನಡುವೆ ಸೋಸಿ ಹುಡುಕುವ ಕಂಪ್ಯೂಟರ್ ಬೇಕು.

ಬರೀ ರಿಪಲ್ ಹುಡುಕಿದರೆ ಮೋಸ ಹೋಗುವುದು ಸುಲಭ. ಅದಕ್ಕೇ ಈ ತಂಡ ಮುಳ್ಳಿನ ಮೇಲೇ ಕೂತಿರುವ ರಿಪಲ್ ಮಾತ್ರ ಎಣಿಸಿತು. ಮುಳ್ಳೂ ಬೇಕು, ಅದರ ಮೇಲೆ ಈ ನಡುಕವೂ ಬೇಕು. 2019ರಲ್ಲಿ ಬಂದ ಫಲಿತಾಂಶ ನನಗೆ ಬಹಳ ಮುಖ್ಯ ಅನ್ನಿಸಿದೆ. ಕಳೆದ ಒಂದು ವರ್ಷದೊಳಗೆ ಫಿಟ್ಸ್ ಬಂದಿದ್ದ ಮಕ್ಕಳಲ್ಲಿ ಈ ನಡುಗುವ ಮುಳ್ಳು ಹೆಚ್ಚಾಗಿತ್ತು. ವರ್ಷಕ್ಕಿಂತ ಜಾಸ್ತಿ ಫಿಟ್ಸ್ ಇಲ್ಲದೆ ಕಳೆದ ಮಕ್ಕಳಲ್ಲಿ ಕಡಿಮೆಯಾಗಿತ್ತು, ಅವರು ಮಾತ್ರೆ ತೆಗೆದುಕೊಳ್ಳುತ್ತಿರಲಿ, ಬಿಟ್ಟಿರಲಿ. ಫಿಟ್ಸ್ ಇಲ್ಲದೆ ಒಂದೊಂದು ತಿಂಗಳು ಕಳೆದ ಹಾಗೆಲ್ಲ ನಡುಗುವ ಮುಳ್ಳು ಕಾಣುವ ಸಂಭವದ ಲೆಕ್ಕ ಹಿಂದಿನದರ 0.66 ಪಟ್ಟಿಗೆ ಇಳಿಯುತ್ತಿತ್ತು.

ಇದರ ಅರ್ಥ ಹೀಗೆ. ಬರೀ ಮುಳ್ಳು 'ಇಲ್ಲಿ ಯಾವಾಗಲೋ ಬೆಂಕಿ ಬಿದ್ದಿತ್ತು' ಅನ್ನುವ ಮಸಿಯ ಕಲೆ ಇದ್ದ ಹಾಗೆ. ನಡುಗುವ ಮುಳ್ಳು ಬೂದಿಯೊಳಗೆ ಇನ್ನೂ ಇರುವ ಕೆಂಡದ ಹಾಗೆ. ಮಸಿ ನೋಡಿ ಕೆಂಡ ಇದೆ ಅಂತ ಹೇಳಿದರೆ ಅನೇಕ ಸಲ ತಪ್ಪಾಗುತ್ತದೆ. ಅಧ್ಯಯನದಲ್ಲೂ ಹಾಗೇ ಆಯಿತು. ಕಾಯಿಲೆ ಚುರುಕಾಗಿರುವ ಮಗುವನ್ನು ಪತ್ತೆ ಹಚ್ಚುವುದರಲ್ಲಿ ಎರಡೂ ಹೆಚ್ಚುಕಮ್ಮಿ ಸಮ. ಸುಮ್ನೆ ಹೆದರಿಸದೆ ಇರುವುದರಲ್ಲಿ ನಡುಗುವ ಮುಳ್ಳು ಮೇಲು. ರಿಪೋರ್ಟ್ ನೋಡಿ ರಾತ್ರಿಯೆಲ್ಲ ಅತ್ತ ತಾಯಂದಿರ ಮಟ್ಟಿಗೆ ಇದು ಸಣ್ಣ ಲಾಭ ಅಲ್ಲ.

ಅಧ್ಯಯನದಲ್ಲಿದ್ದ ಮಕ್ಕಳ ಸಂಖ್ಯೆ ಚಿಕ್ಕದು. ಇದನ್ನು ಓದಿ ನಾಳೆಯೇ ಲ್ಯಾಬಿಗೆ ಹೋಗಿ 'ರಿಪಲ್ ನೋಡಿ ಹೇಳಿ' ಅಂತ ಕೇಳುವ ಹಾಗಿಲ್ಲ. ರಿಪಲ್ ಎಣಿಕೆ ರೂಢಿಯ ರಿಪೋರ್ಟಿನ ಭಾಗವಲ್ಲ.

ನಿದ್ದೆಯ ಕದಿರು, ಶಾಲೆಯ ಪಾಠ

'ಬಿನೈನ್' ಅನ್ನುವ ಮಾತು ಯಾಕೆ ಬಿಟ್ಟರು ಅಂತ ಹೇಳುತ್ತೇನೆ ಅಂದಿದ್ದೆ. ಈ ಮಕ್ಕಳಲ್ಲಿ ಕೆಲವರಿಗೆ ಓದುವುದರಲ್ಲಿ, ಪದ ನೆನಪಿಡುವುದರಲ್ಲಿ, ಗಮನ ನಿಲ್ಲಿಸುವುದರಲ್ಲಿ ತೊಂದರೆ ಇರುತ್ತದೆ. ಫಿಟ್ಸ್ ವರ್ಷಕ್ಕೆ ಎರಡು ಸಲ ಬಂದರೂ ಪಾಠ ದಿನವೂ ಕೈ ಕೊಡುತ್ತದೆ. ಮನೆಯಲ್ಲಿ ಸೋಮಾರಿ ಅನ್ನುತ್ತಾರೆ, ಮಾತ್ರೆಯ ಮಂಪರು ಅನ್ನುತ್ತಾರೆ. ಮಗು ಬೈಸಿಕೊಳ್ಳುತ್ತದೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ.

ನಾವು ಹಗುರ ನಿದ್ದೆಯಲ್ಲಿರುವಾಗ ಮಿದುಳಿನಲ್ಲಿ ಒಂದು ವಿಶೇಷ ಅಲೆಗುಚ್ಛ ಮೂಡುತ್ತದೆ. ಸೆಕೆಂಡಿಗೆ ಸುಮಾರು 10ರಿಂದ 15 ಏರಿಳಿತ, ಅರ್ಧದಿಂದ ಎರಡು ಸೆಕೆಂಡು ಇರುತ್ತದೆ. ಎರಡು ತುದಿ ಸಣ್ಣ, ನಡುವೆ ಉಬ್ಬು. ನೂಲು ಸುತ್ತಿದ ಕದಿರಿನ ಹಾಗೆ ಕಾಣುವುದರಿಂದ ಇಂಗ್ಲಿಷಿನಲ್ಲೂ ಅದೇ ಅರ್ಥದ ಹೆಸರು, ಸ್ಪಿಂಡಲ್. ಮಿದುಳಿನ ನಡುಮನೆಯಂತಿರುವ ಥ್ಯಾಲಮಸ್ ಮತ್ತು ಹೊರಪದರ ಎರಡೂ ಸೇರಿ ಇದನ್ನು ಹುಟ್ಟಿಸುತ್ತವೆ. ಹಗಲು ಕಲಿತದ್ದು ರಾತ್ರಿ ಗಟ್ಟಿಯಾಗಲು ಈ ಕದಿರುಗಳು ಬೇಕು.

ಅದೇ ಬಾಸ್ಟನ್ ತಂಡ 2021ರಲ್ಲಿ ತೋರಿಸಿದ್ದು ಇದು. ರೋಲ್ಯಾಂಡಿಕ್ ಮಕ್ಕಳಲ್ಲಿ, ಮುಳ್ಳು ಏಳುವ ಅದೇ ಜಾಗದಲ್ಲಿ, ಕದಿರು ಕಡಿಮೆಯಾಗಿರುತ್ತದೆ. ಕದಿರು ಎಷ್ಟು ಕಡಿಮೆಯೋ ಮಕ್ಕಳ ಬುದ್ಧಿಪರೀಕ್ಷೆಯ ಕೆಲವು ಅಂಕಗಳೂ ಅಷ್ಟು ಕಡಿಮೆ. ಎಣಿಸಬೇಕಾದದ್ದು ಮುಳ್ಳನ್ನಲ್ಲ, ಕಳೆದುಹೋದ ಕದಿರನ್ನು.

ಒಂದೇ ನಿದ್ದೆಯ ಇಇಜಿ. 'ಫಿಟ್ಸ್ ಮತ್ತೆ ಬರುತ್ತಾ?' ಅಂತ ಕೇಳಿದರೆ ಒಂದು ಗೆರೆ ಉತ್ತರ ಕೊಡುತ್ತದೆ. 'ಪಾಠ ಹತ್ತುತ್ತಾ?' ಅಂತ ಕೇಳಿದರೆ ಬೇರೆಯದೇ ಗೆರೆ ಉತ್ತರ ಕೊಡುತ್ತದೆ. ಅಪ್ಪ-ಅಮ್ಮಂದಿರು ರಿಪೋರ್ಟ್ ಹಿಡಿದು 'ಚೆನ್ನಾಗಿದೆಯಾ, ಕೆಟ್ಟದಾಗಿದೆಯಾ?' ಅಂತ ಕೇಳುತ್ತೇವೆ. ಯಾವ ಪ್ರಶ್ನೆಗೆ ಅಂತ ಬಿಡಿಸಿ ಕೇಳಿದರೆ ಡಾಕ್ಟರಿಗೂ ಬಿಡಿಸಿ ಹೇಳಲು ಆಗುತ್ತದೆ.

ಇಲ್ಲಿ ಮಾತ್ರ ಒಂದು ವಾರವೂ ಕಾಯಬೇಡಿ

ಎಲ್ಲ ಮುಳ್ಳೂ ಪುಟ್ಟಿಯ ಮುಳ್ಳಿನ ಹಾಗಲ್ಲ. 1841ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್ 'ಲ್ಯಾನ್ಸೆಟ್' ಪತ್ರಿಕೆಗೆ ಒಂದು ಪತ್ರ ಬರೆದರು. ಅವರ ಸ್ವಂತ ಮಗುವಿನ ವಿಷಯ. ಕೂಸು ದಿನಕ್ಕೆ ಎಷ್ಟೋ ಸಲ ತಲೆಯನ್ನು ಮೊಣಕಾಲಿನ ಕಡೆಗೆ ಬಗ್ಗಿಸಿ ಬಗ್ಗಿಸಿ ಏಳುತ್ತಿತ್ತು. ನಗು ನಿಂತುಹೋಗಿತ್ತು. ಏನು ಮಾಡಿದರೂ ಕಡಿಮೆ ಆಗುತ್ತಿಲ್ಲ, ಬೇರೆ ಯಾರಾದರೂ ವೈದ್ಯರಿಗೆ ಗೊತ್ತಿದ್ದರೆ ಹೇಳಿ ಅಂತ ಒಬ್ಬ ವೈದ್ಯ ತಂದೆ ಬೇರೆ ವೈದ್ಯರನ್ನು ಕೇಳಿಕೊಂಡ ಪತ್ರ ಅದು. ಆ ಕಾಯಿಲೆಗೆ ಇಂದಿಗೂ ಅವರದೇ ಹೆಸರು, ವೆಸ್ಟ್ ಸಿಂಡ್ರೋಮ್. ಇನ್‌ಫಂಟೈಲ್ ಸ್ಪಾಸಂ ಅಂತಲೂ ಕರೆಯುತ್ತಾರೆ.

ಸಾಮಾನ್ಯವಾಗಿ 3ರಿಂದ 12 ತಿಂಗಳ ಒಳಗೆ ಶುರು. ಮಗು ನಿದ್ದೆಯಿಂದ ಎದ್ದ ಸ್ವಲ್ಪ ಹೊತ್ತಿಗೆ ತಲೆ, ಕೈಕಾಲು ಒಳಕ್ಕೆ ಮಡಚಿ ಬೆಚ್ಚಿದ ಹಾಗೆ ಮಾಡುತ್ತದೆ. ಕೆಲವು ಸೆಕೆಂಡಿಗೆ ಮತ್ತೊಂದು, ಆಮೇಲೆ ಮತ್ತೊಂದು. ಸರಮಾಲೆ ಹಾಗೆ. ನಮ್ಮ ಮನೆಗಳಲ್ಲಿ ಇದನ್ನು ಹೊಟ್ಟೆನೋವು ಅನ್ನುತ್ತೇವೆ, ಬೆಚ್ಚಿಬಿತ್ತು ಅನ್ನುತ್ತೇವೆ, ದೃಷ್ಟಿ ತೆಗೆಯುತ್ತೇವೆ. ಹಾಗೆ ದಿನ ಹೋಗುತ್ತದೆ.

ಈ ಮಕ್ಕಳ ಇಇಜಿ ನೋಡಿದರೆ ಎಂಥವರಿಗೂ ಎದೆ ಧಸಕ್ ಅನ್ನುತ್ತದೆ. ಲಯವೇ ಇಲ್ಲ. ಎತ್ತರೆತ್ತರದ ಅಲೆ, ಎಲ್ಲೆಂದರಲ್ಲಿ ಮುಳ್ಳು, ಎಡಕ್ಕೂ ಬಲಕ್ಕೂ ಹೊಂದಾಣಿಕೆ ಇಲ್ಲ. ಇದಕ್ಕೆ ಹಿಪ್ಸಾರಿತ್ಮಿಯಾ ಅನ್ನುತ್ತಾರೆ. ಹೀಗೆ ಬಂದರೆ ಮಗುವಿನ ಬೆಳವಣಿಗೆಯ ಮೇಲೆ ದೊಡ್ಡ ಅಪಾಯ ಇದೆ ಅಂತ ಅರ್ಥ. ಆದರೆ ಇಲ್ಲಿ ಭವಿಷ್ಯ ಗೆರೆಯಲ್ಲಿ ಮುಗಿದುಹೋಗಿರುವುದಿಲ್ಲ. ಯಾವ ಕಾರಣಕ್ಕೆ ಬಂತು, ಎಷ್ಟು ಬೇಗ ಔಷಧಿ ಶುರುವಾಯಿತು ಅನ್ನುವುದರಲ್ಲೂ ಇದೆ. ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಇಂಥ ಮಕ್ಕಳನ್ನು ನಾಲ್ಕು ವರ್ಷದ ತನಕ ಹಿಂಬಾಲಿಸಿದರು. ಚಿಕಿತ್ಸೆ ಶುರುವಾಗಲು ಆದ ತಡವನ್ನು ಐದು ಹಂತ ಮಾಡಿದ್ದರು: ಒಂದು ವಾರದೊಳಗೆ, ಎರಡು ವಾರ, ಒಂದು ತಿಂಗಳು, ಎರಡು ತಿಂಗಳು, ಅದಕ್ಕೂ ಜಾಸ್ತಿ. ತಡ ಒಂದು ಹಂತ ಜಾಸ್ತಿ ಆದಷ್ಟೂ ಬೆಳವಣಿಗೆಯ ಅಂಕ ಸರಾಸರಿ 3.9ರಷ್ಟು ಇಳಿದಿತ್ತು.

ಕೂಸು ಸರಸರನೆ ಹೀಗೆ ಬಗ್ಗಿ ಬಗ್ಗಿ ಏಳುವುದು ಕಂಡರೆ ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಕೊಳ್ಳಿ, ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ, ಇಇಜಿ ಯಾವಾಗ ಆಗುತ್ತೆ ಅಂತ ಕೇಳಿ. ಈ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಚಿಕಿತ್ಸೆ ಕೊಟ್ಟ ಮೇಲೆ ಬಗ್ಗುವುದು ನಿಂತರೂ ಇಇಜಿ ಮತ್ತೆ ಮಾಡಿಸುತ್ತಾರೆ. ಹೊರಗೆ ಶಾಂತ, ಒಳಗೆ ಅದೇ ಗಲಾಟೆ ಇರಬಹುದು. ಎರಡೂ ನಿಂತರೆ ಮಾತ್ರ ಔಷಧಿ ಕೆಲಸ ಮಾಡಿದೆ ಅಂತ ಲೆಕ್ಕ. ಇಲ್ಲೂ ಒಂದು ತೊಡಕಿದೆ. ಹಿಪ್ಸಾರಿತ್ಮಿಯಾ ಹೌದೋ ಅಲ್ಲವೋ ಅನ್ನುವುದರಲ್ಲಿ ಅನುಭವಿ ತಜ್ಞರ ನಡುವೆಯೂ ಒಮ್ಮತ ಇರುವುದಿಲ್ಲ. ಅದಕ್ಕೇ ಅಲೆಯ ಎತ್ತರ, ಮುಳ್ಳಿನ ಗುಂಪು ನೋಡಿ ಅಂಕ ಕೊಡುವ ಕ್ರಮ ತಂದಿದ್ದಾರೆ.

ಇನ್ನೂ ಮುಂದಕ್ಕೆ ಹೋಗಿ, ಫಿಟ್ಸ್ ಬರುವ ಮೊದಲೇ ಹಿಡಿಯಲು ಆಗುತ್ತಾ ಅಂತಲೂ ನೋಡಿದ್ದಾರೆ. ಟ್ಯೂಬರಸ್ ಸ್ಕ್ಲೆರೋಸಿಸ್ ಅನ್ನುವ ಹುಟ್ಟುಕಾಯಿಲೆ ಇರುವ ಕೂಸುಗಳಲ್ಲಿ ಮೊದಲ ಫಿಟ್ಸ್‌ಗಿಂತ ವಾರಗಟ್ಟಲೆ ಮುಂಚೆಯೇ ಇಇಜಿ ಕೆಡುತ್ತದೆ. ಯುರೋಪಿನ ಎಪಿಸ್ಟಾಪ್ ಅಧ್ಯಯನದಲ್ಲಿ ಇಇಜಿ ಕೆಟ್ಟ ಕೂಡಲೇ ವಿಗಾಬ್ಯಾಟ್ರಿನ್ ಔಷಧಿ ಕೊಟ್ಟಾಗ ಫಿಟ್ಸ್ ತಡವಾಗಿ ಬಂತು, ಕಡಿಮೆ ಆಯಿತು. ಅಮೆರಿಕದ ಪ್ರಿವೆಂಟ್ ಅಧ್ಯಯನದಲ್ಲಿ ಸ್ಪಾಸಂ ಕಡಿಮೆ ಆಯಿತು, ಎರಡು ವರ್ಷಕ್ಕೆ ಬುದ್ಧಿ ಬೆಳವಣಿಗೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಮುಂದೆ ಬರುವುದನ್ನು ಕಾಣುವುದು ಒಂದು, ಅದನ್ನು ಬದಲಿಸುವುದು ಇನ್ನೊಂದು.

'ಇನ್ನೊಂದು ಸಲ ಬರುತ್ತಾ ಡಾಕ್ಟರೇ?'

ಮೊದಲ ಸಲ, ಜ್ವರ ಇಲ್ಲದೆ ಫಿಟ್ಸ್ ಬಂದ ಮಗುವಿನ ಮನೆಯವರು ಕೇಳುವ ಪ್ರಶ್ನೆ ಇದು. ನ್ಯೂಯಾರ್ಕಿನಲ್ಲಿ ಶ್ಲೊಮೊ ಶಿನ್ನರ್ ಮತ್ತು ಜೊತೆಗಾರರು ಇಂಥ 407 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ 1996ರಲ್ಲಿ ಪ್ರಕಟಿಸಿದರು. 171 ಮಕ್ಕಳಿಗೆ ಮತ್ತೆ ಬಂತು, ಅಂದರೆ ಶೇ 42. ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಬರಲೇ ಇಲ್ಲ. ಮತ್ತೆ ಬಂದವರಲ್ಲಿ ಹೆಚ್ಚಿನವರಿಗೆ ಮೊದಲ ಎರಡು ವರ್ಷದೊಳಗೇ ಬಂತು. ಬೇರೆ ಕಾರಣ ಕಾಣದ ಮಕ್ಕಳಲ್ಲಿ ಮುಂದಿನದನ್ನು ಹೇಳಲು ಇಇಜಿಯೇ ದೊಡ್ಡ ಸುಳಿವು. ಅದು ಕೆಟ್ಟಿದ್ದರೆ ಅಪಾಯ ಸುಮಾರು ಎರಡು ಪಟ್ಟು. ಆದರೂ ಇಇಜಿ ನಾರ್ಮಲ್ ಇದ್ದ ಎಷ್ಟೋ ಮಕ್ಕಳಿಗೂ ಮತ್ತೆ ಬಂದಿದೆ. 'ನಾರ್ಮಲ್' ಅಂದರೆ 'ಇನ್ನು ಬರಲ್ಲ' ಅಂತ ಅಲ್ಲ.

ಅದು ಸಹಜವೇ. ಅರ್ಧ ಗಂಟೆಯ ಇಇಜಿ ಅಂದರೆ ದಿನದ 48ರಲ್ಲಿ ಒಂದು ಪಾಲು. ಆ ಅರ್ಧ ಗಂಟೆಯಲ್ಲಿ ಮುಳ್ಳು ಏಳದೆ ಇರಬಹುದು. ಅಲ್ಲದೆ ಮಿದುಳಿನ ಆರೇಳು ಚದರ ಸೆಂಟಿಮೀಟರ್ ಆದರೂ ಒಟ್ಟಿಗೆ ಸಿಡಿಯದಿದ್ದರೆ ತಲೆಯ ಮೇಲಿನ ತಂತಿಗೆ ಸುದ್ದಿ ಮುಟ್ಟುವುದಿಲ್ಲ. ಒಂದು ಸಲದ ಇಇಜಿಯಲ್ಲಿ ಮುಳ್ಳು ಸಿಗುವುದು ಸುಮಾರು ಅರ್ಧದಷ್ಟು ಮಂದಿಯಲ್ಲಿ. ನಿದ್ದೆ ಕೆಡಿಸಿ, ಮತ್ತೆ ಮಾಡಿದಾಗ ಇನ್ನೊಂದಷ್ಟು ಜನರಲ್ಲಿ ಸಿಗುತ್ತದೆ.

ಇಇಜಿಯನ್ನು ಕೇಳಲೇಬಾರದ ಪ್ರಶ್ನೆಯೂ ಇದೆ. ಜ್ವರ ಏರಿದಾಗ ಒಂದು ಸಲ ಬಂದು, ಹದಿನೈದು ನಿಮಿಷದೊಳಗೆ ನಿಲ್ಲುವ ಸಾಧಾರಣ ಜ್ವರದ ಫಿಟ್ಸ್‌ಗೆ ಇಇಜಿ ಬೇಡ. ಅದು ಆ ಮಗುವಿನ ಮುಂದಿನದನ್ನು ಹೇಳುವುದಿಲ್ಲ. ಮಾಡಿಸಿದರೆ ಯಾವುದೋ ಮುಳ್ಳು ಕಂಡು ಬೇಡದ ಮಾತ್ರೆ ಶುರುವಾಗಬಹುದು.

ನಮ್ಮ ಕಡೆಯದೇ ಒಂದು ಉದಾಹರಣೆ ಹೇಳಲೇಬೇಕು. ದಕ್ಷಿಣ ಕರ್ನಾಟಕದಲ್ಲಿ, ಮೈಸೂರು, ಚಾಮರಾಜನಗರ ಸೀಮೆಯಲ್ಲಿ ಬಿಸಿನೀರಿನ ಫಿಟ್ಸ್ ಲೋಕದ ಬೇರೆಡೆಗಿಂತ ಜಾಸ್ತಿ. ಹಂಡೆಯ ಸುಡು ನೀರನ್ನು ಚೊಂಬಿನಲ್ಲಿ ಮೊಗೆದು ಮೊಗೆದು ತಲೆ ಮೇಲೆ ಸುರಿಯುವಾಗ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ಪಿ. ಸತೀಶ್‌ಚಂದ್ರ ಮತ್ತು ಜೊತೆಗಾರರು ಇಂಥ 279 ಜನರನ್ನು ಪರೀಕ್ಷಿಸಿ 1988ರಲ್ಲಿ ಬರೆದಿದ್ದಾರೆ. ಫಿಟ್ಸ್ ಇಲ್ಲದ ಹೊತ್ತಿನಲ್ಲಿ ಇವರಲ್ಲಿ ಬಹುಪಾಲು ಜನರ ಇಇಜಿ ನಾರ್ಮಲ್. ಇಲ್ಲಿ ಮುಂದಿನ ದಾರಿ ತೋರಿಸುವುದು ತಾಯಿ ಹೇಳುವ ಬಚ್ಚಲಮನೆಯ ಕತೆ. ನೀರಿನ ಬಿಸಿ ಇಳಿಸಿ, ತಲೆ ಮೇಲೆ ದಬದಬ ಸುರಿಯುವುದು ಬಿಟ್ಟು, ಬೇಕಿದ್ದವರಿಗೆ ತಲೆಸ್ನಾನಕ್ಕೆ ಮುಂಚೆ ಮಾತ್ರೆ ಕೊಟ್ಟರೆ ಹೆಚ್ಚಿನವರಿಗೆ ಹತೋಟಿಗೆ ಬರುತ್ತದೆ.

ಮಾತ್ರೆಗೆ ಬಗ್ಗದ ಫಿಟ್ಸ್

ಎರಡು ಸರಿಯಾದ ಔಷಧಿ ಸರಿಯಾಗಿ ಕೊಟ್ಟರೂ ನಿಲ್ಲದ ಫಿಟ್ಸ್ ಇರುವ ಮಕ್ಕಳಿಗೆ ಆಪರೇಷನ್ ಬಗ್ಗೆ ಯೋಚಿಸುತ್ತಾರೆ. ಆಗ ಮಿದುಳಿನ ನಕ್ಷೆ ಬೇಕಾಗುವುದು ಎಲ್ಲಿ ಕತ್ತರಿಸಬೇಕು, ಎಲ್ಲಿ ಮುಟ್ಟಬಾರದು ಅಂತ ತಿಳಿಯಲು. ವಿಡಿಯೋ ಇಇಜಿ, ಎಂಆರ್‌ಐ, ಮಿದುಳಿನ ಕಾಂತಕ್ಷೇತ್ರ ಅಳೆಯುವ ಎಂಇಜಿ ಎಲ್ಲವನ್ನೂ ಜೋಡಿಸುತ್ತಾರೆ. ಎಂಇಜಿ ಮಷೀನು ನಿಮ್ಹಾನ್ಸ್‌ನಲ್ಲಿದೆ. ಎಲ್ಲ ಪರೀಕ್ಷೆಯೂ ಒಂದೇ ಜಾಗಕ್ಕೆ ಬೆರಳು ತೋರಿಸಿ, ಆ ಜಾಗವನ್ನು ಪೂರ್ತಿ ತೆಗೆಯಲು ಆದರೆ ಫಿಟ್ಸ್ ನಿಲ್ಲುವ ಸಂಭವ ಜಾಸ್ತಿ.

ರಿಪಲ್ ಇಲ್ಲೂ ದೊಡ್ಡ ಭರವಸೆ ಆಗಿತ್ತು. ನೆದರ್ಲೆಂಡ್ಸ್‌ನಲ್ಲಿ ಆಪರೇಷನ್ ನಡೆಯುವಾಗಲೇ ಮಿದುಳಿನ ಮೇಲೆ ತಂತಿ ಇಟ್ಟು, ಒಂದು ಗುಂಪಿಗೆ ರಿಪಲ್ ನೋಡಿ, ಇನ್ನೊಂದು ಗುಂಪಿಗೆ ಹಳೆಯ ಮುಳ್ಳು ನೋಡಿ ಎಷ್ಟು ತೆಗೆಯಬೇಕು ಅಂತ ತೀರ್ಮಾನಿಸಿದರು. 2022ರಲ್ಲಿ ಫಲಿತಾಂಶ ಬಂತು. ರಿಪಲ್ ಮುಳ್ಳಿಗಿಂತ ಕಡಿಮೆಯಿಲ್ಲ ಅಂತ ತೋರಿಸಲು ಆಗಲಿಲ್ಲ. ಒಂದು ಕಡೆ ಗೆದ್ದ ಗುರುತು ಇನ್ನೊಂದು ಕಡೆಯೂ ಗೆಲ್ಲುತ್ತದೆ ಅಂತ ಹೇಳುವ ಹಾಗಿಲ್ಲ.

ಮಾತ್ರೆ ಬಿಡುವ ಹೊತ್ತು

ಎರಡು ವರ್ಷ ಫಿಟ್ಸ್ ಇಲ್ಲದಿದ್ದರೆ ಮಾತ್ರೆ ಇಳಿಸುವ ಮಾತು ಬರುತ್ತದೆ. ಮಕ್ಕಳೂ ದೊಡ್ಡವರೂ ಸೇರಿ 1769 ಜನರ ಮಾಹಿತಿ ಒಟ್ಟು ಹಾಕಿ ಲ್ಯಾಂಬರಿಂಕ್ ಮತ್ತು ಜೊತೆಗಾರರು 2017ರಲ್ಲಿ ಲೆಕ್ಕ ಮಾಡಿದರು. ಬಿಟ್ಟ ಮೇಲೆ ಶೇ 46 ಜನರಿಗೆ ಮತ್ತೆ ಬಂದಿತ್ತು. ಮುಳ್ಳು ಇರುವುದು ಅಪಾಯ ಹೆಚ್ಚಿಸುವ ಕಾರಣಗಳಲ್ಲಿ ಒಂದು. ಎಷ್ಟು ವರ್ಷ ಕಾಯಿಲೆ ಇತ್ತು, ನಿಲ್ಲುವ ಮುಂಚೆ ಎಷ್ಟು ಸಲ ಬಂದಿತ್ತು, ನಿಂತು ಎಷ್ಟು ಕಾಲ ಆಯಿತು, ಯಾವ ಬಗೆಯ ಕಾಯಿಲೆ, ಇವೂ ಲೆಕ್ಕಕ್ಕೆ ಬರುತ್ತವೆ. ತಾನಾಗೇ ನಿಲ್ಲುವ ಬಗೆಯದಾದರೆ ಅಪಾಯ ಕಡಿಮೆ. ಮಾತ್ರೆಯನ್ನು ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದಾಗ ಬರುವ ಫಿಟ್ಸ್ ಜೀವಕ್ಕೇ ಅಪಾಯ ತರಬಹುದು.

ಪುಟ್ಟಿಗೆ ಈಗ ಹನ್ನೆರಡು. ಫಿಟ್ಸ್ ಬಂದು ಎರಡು ವರ್ಷದ ಮೇಲಾಯಿತು. ಹೋದ ತಿಂಗಳ ಇಇಜಿಯಲ್ಲಿ ನಿದ್ದೆ ಹತ್ತಿದ ಮೇಲೆ ಎಡಗಡೆ ಇನ್ನೂ ಮುಳ್ಳಿತ್ತು. ಅಕ್ಕ ಈ ಸಲ ಅಳಲಿಲ್ಲ. "ಮುಳ್ಳು ಇನ್ನೂ ಇದೆಯಲ್ಲ ಡಾಕ್ಟರೇ, ಆದರೂ ಮಾತ್ರೆ ಇಳಿಸಬಹುದಾ?" ಅಂತ ಕೇಳಿದಳು.

"ಇಳಿಸಬಹುದಮ್ಮ. ಇವಳ ವಯಸ್ಸು, ಇವಳ ಕಾಯಿಲೆಯ ಬಗೆ, ಇಷ್ಟು ದಿನ ಬರದೇ ಇರೋದು, ಎಲ್ಲ ಸೇರಿಸಿ ನೋಡಿದೀನಿ. ಮತ್ತೆ ಬರೋದೇ ಇಲ್ಲ ಅಂತ ಬರೆದುಕೊಡಕ್ಕೆ ಆಗಲ್ಲ. ಬಂದರೆ ಏನು ಮಾಡಬೇಕು ಅಂತ ನಿಮಗೆ ಗೊತ್ತಿದೆಯಲ್ಲ?"

"ಗೊತ್ತಿದೆ. ಪಕ್ಕಕ್ಕೆ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಟೈಮ್ ನೋಡಿಕೋಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ."

ಈಗ ಬೆಳಗಿನ ಮಾತ್ರೆ ನಿಂತಿದೆ, ರಾತ್ರಿಯದು ಅರ್ಧಕ್ಕೆ ಇಳಿದಿದೆ. ತನಗೆ ಬೇರೆ ರೂಮು ಬೇಕು ಅಂತ ಪುಟ್ಟಿ ಹಟ ಹಿಡಿದಿದ್ದಾಳೆ. ಅಕ್ಕ ಒಪ್ಪಿದ್ದಾಳೆ, ಬಾಗಿಲು ಮಾತ್ರ ತೆರೆದಿರಬೇಕು ಅಂತ ಹೇಳಿದ್ದಾಳೆ.